ಸೇವಾ ನಿರಾಕರಣೆ: ಯಂತ್ರಕಲಿಕೆಯ ತಂತ್ರಾಂಶಗಳಲ್ಲಿನ ಒಂದು ದೋಷದ ಚರಿತ್ರೆ

೧

ಒಂದು ರಾಜ್ಯಕ್ಕಾಗಲಿ ಒಂದು ಸಂಸ್ಥೆಗಾಗಲಿ ಹಗೆಯಿಂದ ಒದಗಬಹುದಾದ ಹಾನಿಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಇದ್ದುದನ್ನು ಅಪಹರಿಸುವುದು ಮೊದಲನೆಯದು. ಇದ್ದುದನ್ನು ಕೆಡಿಸುವುದು ಎರಡನೆಯದು. ಇದ್ದುದು ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ಒದಗದಂತೆ ಮಾಡುವುದು ಮೂರನೆಯದು. ಮೊದಲಿನ ಎರಡು ಹಾನಿಗಳ ವಿಚಾರವಾಗಿ ಇತಿಹಾಸಗ್ರಂಥಗಳಲ್ಲಿ ಬೇಕಾದಷ್ಟು ಬರೆಯಲಾಗಿದೆ. ಮೂರನೆಯದರ ಕುರುಹು ಉಳಿಯುವುದು ಕಡಮೆಯಾದ್ದರಿಂದ ಅದು ಚರಿತ್ರಕಾರನ ಕಣ್ಣಿಗೆ ಬೀಳುವುದೂ ಕಡಮೆ. ಕಳುವಾದ ಒಡವೆಗೆ ಲೆಕ್ಕವಿರುತ್ತದೆ, ಮುರಿದ ಗೋಡೆಗೆ ಅವಶೇಷವಿರುತ್ತದೆ. ದೊರೆಯದೆ ಹೋದ ಸೇವೆಗೆ ಅಂತಹ ಸಾಕ್ಷಿಯೇನೂ ಉಳಿಯುವುದಿಲ್ಲ.

ಗಣಕಯಂತ್ರಗಳ ಶಾಸ್ತ್ರದಲ್ಲಿಯೂ ಇದೇ ತ್ರಿವಿಧ ವಿಭಾಗವು ಅಂಗೀಕೃತವಾಗಿದೆ. ೧೯೭೫ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಅಮೆರಿಕದ ವಿದ್ವಾಂಸರು ಗಣಕಗಳಲ್ಲಿಯ ಮಾಹಿತಿಯ ರಕ್ಷಣೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಅನಧಿಕೃತವಾಗಿ ಮಾಹಿತಿಯನ್ನು ಹೊರಗೆಡಹುವುದು, ಅನಧಿಕೃತವಾಗಿ ಅದನ್ನು ತಿದ್ದುವುದು, ಅನಧಿಕೃತವಾಗಿ ಅದರ ಬಳಕೆಯನ್ನು ತಡೆಯುವುದು ಎಂದು ಮೂರು ಅಪಾಯಗಳನ್ನು ಎಣಿಸಿದರು. ಇವುಗಳಲ್ಲಿ ಕೊನೆಯದಕ್ಕೆ ಈಗ ‘ಸೇವಾ ನಿರಾಕರಣೆ’ ಎಂಬ ಹೆಸರು ರೂಢಿಯಾಗಿದೆ. ಯಂತ್ರಕಲಿಕೆಯ ತಂತ್ರಾಂಶ ಲೈಬ್ರರಿಗಳಲ್ಲಿ, ಎಂದರೆ ಚಿತ್ರವನ್ನು ಗುರುತಿಸುವ, ಭಾಷಾಂತರ ಮಾಡುವ, ಮಾತನ್ನು ಬರಹಕ್ಕಿಳಿಸುವ ಯಂತ್ರಗಳ ಒಡಲಲ್ಲಿ ಕೆಲಸಮಾಡುವ ಸಿದ್ಧ ಗಣನವಿಧಿಗಳ ಸಂಗ್ರಹಗಳಲ್ಲಿ, ಈ ದೋಷವು ಹೇಗೆ ಹುಟ್ಟಿತು, ಏಕೆ ಬಹುಕಾಲ ಗಮನಕ್ಕೆ ಬಾರದೆ ಉಳಿಯಿತು, ಅದರ ನಿವಾರಣೆ ಯಾವ ಬಗೆಯದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ವಿಷಯವು ಹೊಸದಾದರೂ ಅದರ ಒಳತಿರುಳು ಹಳೆಯದು. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ವಿಜಯಪುರ ನಗರದಿಂದ ಉತ್ತರಕ್ಕೆ ಹೊರಟು ಭೀಮಾನದಿಯನ್ನು ದಾಟಿ ಸೊಲ್ಲಾಪುರವನ್ನು ಸೇರುವ ರಸ್ತೆಯ ಸುತ್ತಣ ಪ್ರದೇಶವೇ ನಮಗೆ ಮೊದಲ ನಿದರ್ಶನವನ್ನು ಒದಗಿಸುತ್ತದೆ.

೨

೧೬೬೫ರ ಜೂನ್ ತಿಂಗಳಲ್ಲಿ ಪುರಂದರದ ಒಪ್ಪಂದವು ಮುಗಿದ ಬಳಿಕ, ಮೊಗಲ್ ಸೇನಾನಿಯಾದ ಮಿರ್ಜಾ ರಾಜಾ ಜಯಸಿಂಹನು ಶಿವಾಜಿಯ ನೆರವನ್ನೂ ಪಡೆದು ಆದಿಲಶಾಹಿ ರಾಜ್ಯದ ಮೇಲೆ ದಂಡೆತ್ತಿ ಹೊರಟನು. ಆಗ ವಿಜಾಪುರದಲ್ಲಿ ಎರಡನೆಯ ಅಲಿ ಆದಿಲ್‌ಶಾಹನು ಆಳುತ್ತಿದ್ದನು. ಡಿಸೆಂಬರಿನಲ್ಲಿ ಮಂಗಳವೇಢೆಯ ಕೋಟೆಯು ಮೊಗಲರ ವಶವಾಯಿತು. ಆ ತಿಂಗಳ ೨೯ರಂದು ಜಯಸಿಂಹನು ಉತ್ತರದ ಕಡೆಯಿಂದ ಬಂದು, ರಾಜಧಾನಿಗೆ ಹತ್ತು ಹನ್ನೆರಡು ಮೈಲಿಗಳ ಅಂತರದಲ್ಲಿ ಬೀಡುಬಿಟ್ಟನು. ಕೋಟೆಯು ಇನ್ನೊಂದು ದಿನದ ಪಯಣವೂ ಆಗದಷ್ಟು ಸಮೀಪದಲ್ಲಿದ್ದಿತು. ಆದರೂ ಏಳು ದಿನಗಳು ಕಳೆಯುವುದರೊಳಗೆ, ೧೬೬೬ರ ಜನವರಿ ೫ರಂದು, ಆತನು ಹಿಂದೆಗೆಯಬೇಕಾಯಿತು.

ಇದಕ್ಕೆ ಕಾರಣವು ಕೋಟೆಯ ತೋಪುಗಳಷ್ಟೇ ಆಗಿರಲಿಲ್ಲ. ಶತ್ರುವು ಸಮೀಪಿಸುವ ಮೊದಲೇ ಆದಿಲಶಾಹಿ ಅಧಿಕಾರಿಗಳು ನಗರದ ಸುತ್ತಣ ನಾಡನ್ನು ಬರಿದು ಮಾಡಿದ್ದರು. ನವರಸಪುರ ಮತ್ತು ಶಾಹಪುರದ ಕೆರೆಗಳ ನೀರನ್ನು ಹರಿಯಬಿಟ್ಟರು. ಬಾವಿಗಳನ್ನು ಬಳಕೆಗೆ ಬಾರದಂತೆ ಕೆಡಿಸಿದರು. ನೆರಳು ಕೊಡುವ ಮರಗಳನ್ನು ಕಡಿದರು. ಮೊಗಲ್ ಸೈನ್ಯದ ಭಂಡಾರವನ್ನು ಯಾರೂ ಅಪಹರಿಸಲಿಲ್ಲ, ಅದರ ತೋಪುಗಳನ್ನು ಯಾರೂ ಒಡೆಯಲಿಲ್ಲ. ಅಷ್ಟು ದೊಡ್ಡ ದಂಡಿಗೆ ಕುಡಿಯುವ ನೀರೂ ದನಕರುಗಳಿಗೆ ಮೇವೂ ದೊರೆಯದಂತಾಯಿತು, ಅಷ್ಟೇ ಸಾಕಾಯಿತು. ಸೇವೆಯನ್ನು ತಡೆಯುವುದೇ ಯುದ್ಧದ ಆಯುಧವಾದುದಕ್ಕೆ ಇದು ಸ್ಪಷ್ಟವಾದ ಉದಾಹರಣೆ.

ಈ ನಿದರ್ಶನದಿಂದ ಎರಡು ಸಂಗತಿಗಳನ್ನು ಗ್ರಹಿಸಬಹುದು. ಬಲಿಷ್ಠನನ್ನು ತಡೆಯಲು ಅವನಿಗಿಂತ ಬಲಿಷ್ಠನಾಗಬೇಕೆಂಬ ನಿಯಮವಿಲ್ಲ. ಅವನು ಅವಲಂಬಿಸಿರುವ ಸಾಮಾನ್ಯ ವಸ್ತು ಯಾವುದೆಂದು ತಿಳಿದರೆ ಸಾಕು. ಎರಡನೆಯದಾಗಿ, ಇಂತಹ ತಡೆಯು ಶತ್ರುವನ್ನು ಮಾತ್ರ ಬಾಧಿಸುವುದಿಲ್ಲ. ಅದೇ ಕೆರೆಗಳನ್ನೂ ಬಾವಿಗಳನ್ನೂ ನೆಚ್ಚಿ ಬದುಕುತ್ತಿದ್ದ ಹಳ್ಳಿಗಳ ಜನರೂ ಬೇಸಾಯಗಾರರೂ ಅದರ ಫಲವನ್ನು ಉಣ್ಣಬೇಕಾಗುತ್ತದೆ. ಈ ಎರಡೂ ಮಾತುಗಳು ಗಣಕಯಂತ್ರಗಳ ವಿಷಯದಲ್ಲಿಯೂ ಅನ್ವಯಿಸುವುವು.

೩

ಗಣಕಗಳ ಚರಿತ್ರೆಯಲ್ಲಿ ಸೇವಾ ನಿರಾಕರಣೆಯು ಮೊದಮೊದಲು ಸೈದ್ಧಾಂತಿಕ ಪ್ರಶ್ನೆಯಾಗಿದ್ದಿತು. ೧೯೮೩ರಲ್ಲಿ ವರ್ಜಿಲ್ ಗ್ಲಿಗರ್ ಎಂಬುವರು ಈ ಸಮಸ್ಯೆಯನ್ನೇ ಕುರಿತು ಪ್ರತ್ಯೇಕವಾದ ಟಿಪ್ಪಣಿಯೊಂದನ್ನು ಪ್ರಕಟಿಸಿ, ಗುಟ್ಟನ್ನು ಕಾಪಾಡುವ ಉಪಾಯಗಳಿಂದಲೇ ಸೇವೆಯ ಲಭ್ಯತೆಯು ಸಿದ್ಧಿಸುವುದಿಲ್ಲವೆಂಬುದರ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದರು. ಐದು ವರ್ಷಗಳ ತರುವಾಯ ಅದು ಲೋಕಕ್ಕೆಲ್ಲ ಕಾಣುವಂತಾಯಿತು. ೧೯೮೮ರ ನವೆಂಬರ್ ೨ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ರಾಬರ್ಟ್ ಮಾರಿಸ್ ಎಂಬಾತನು ಬಿಡುಗಡೆ ಮಾಡಿದ ಸ್ವಯಂಪ್ರಸರಣದ ಕ್ರಮವಿಧಿಯು, ಯಾವ ಕಡತವನ್ನೂ ಅಳಿಸದೆ, ತನ್ನ ಪ್ರತಿಗಳನ್ನೇ ಮತ್ತೆ ಮತ್ತೆ ಹೆಚ್ಚಿಸಿಕೊಂಡು ಯಂತ್ರಗಳನ್ನು ನಿಶ್ಚೇಷ್ಟಗೊಳಿಸಿತು. ಆಗ ಅಂತರ್ಜಾಲಕ್ಕೆ ಸೇರಿದ್ದ ಸುಮಾರು ೬೦,೦೦೦ ಯಂತ್ರಗಳಲ್ಲಿ ೬,೦೦೦ ಯಂತ್ರಗಳು ಹೀಗೆ ಬಾಧಿತವಾದುವೆಂದು ಅಂದಾಜು ಮಾಡಲಾಯಿತು. ೨೦೦೦ದ ಫೆಬ್ರವರಿಯಲ್ಲಿ ಯಾಹೂ, ಅಮೆಜಾನ್, ಈಬೇ, ಸಿಎನ್‌ಎನ್ ಮೊದಲಾದ ದೊಡ್ಡ ತಾಣಗಳು ಸಾಲಾಗಿ ಸ್ಥಗಿತಗೊಂಡಾಗ, ಅದರ ಹಿಂದಿದ್ದವನು ಕೆನಡಾ ದೇಶದ ಹದಿನೈದು ವರ್ಷದ ಹುಡುಗನೆಂದು ತಿಳಿದುಬಂದಿತು.

ಈ ಘಟನೆಗಳಲ್ಲಿ ತಡೆಯು ಸಂಖ್ಯಾಬಲದಿಂದ ಉಂಟಾಯಿತು. ಒಂದು ಬಾಗಿಲಿಗೆ ಸಾವಿರ ಜನರು ಒಮ್ಮೆಗೇ ನುಗ್ಗಿದರೆ ಯಾರೂ ಒಳಹೋಗಲಾರರು. ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟುದು ಬೇರೊಂದು ಬಗೆ. ಅದರಲ್ಲಿ ಗುಂಪಿನ ಅಗತ್ಯವೇ ಇಲ್ಲ. ಬಾಗಿಲನ್ನೇ ಜಾಮ್ ಮಾಡುವಂತಹ ಒಬ್ಬನು ಬಂದರೆ ಸಾಕು. ೨೦೦೩ರಲ್ಲಿ ಸ್ಕಾಟ್ ಕ್ರಾಸ್‌ಬಿ ಮತ್ತು ಡ್ಯಾನ್ ವಾಲಕ್ ಎಂಬ ಸಂಶೋಧಕರು ಇದನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಗಣಕವು ಹೆಸರುಗಳನ್ನು ಬೇಗನೆ ಹುಡುಕಲು ಅಂಚೆಕಚೇರಿಯ ಗೂಡುಗಳಂತಹ ಕೋಷ್ಟಕವನ್ನು ಬಳಸುತ್ತದೆ. ಬರುವ ಪತ್ರಗಳು ಗೂಡುಗಳಲ್ಲಿ ಸಮನಾಗಿ ಹಂಚಿಹೋಗುವುವೆಂಬ ನಂಬಿಕೆಯ ಮೇಲೆ ಅದರ ವೇಗವು ನಿಂತಿದೆ. ಎಲ್ಲ ಪತ್ರಗಳೂ ಒಂದೇ ಗೂಡಿಗೆ ಬೀಳುವಂತೆ ಯಾರಾದರೂ ವಿಳಾಸಗಳನ್ನು ಬೇಕೆಂದೇ ಆರಿಸಿ ಕಳುಹಿಸಿದರೆ, ಆ ಒಂದು ಗೂಡನ್ನು ಹುಡುಕುವುದರಲ್ಲಿಯೇ ಗುಮಾಸ್ತನ ದಿನವೆಲ್ಲ ಕಳೆದುಹೋಗುತ್ತದೆ. ೨೦೧೧ರ ಕೊನೆಯಲ್ಲಿ, ಇದೇ ದೋಷವು ಪಿಎಚ್‌ಪಿ, ಜಾವಾ, ಪೈಥಾನ್ ಮುಂತಾದ ಪ್ರಮುಖ ಕ್ರಮವಿಧಿ ಭಾಷೆಗಳಲ್ಲಿಯೂ ಇರುವುದನ್ನು ಜರ್ಮನಿಯ ಸಮ್ಮೇಳನವೊಂದರಲ್ಲಿ ತೋರಿಸಿಕೊಡಲಾಯಿತು.

ಇಂತಹ ದೋಷಕ್ಕೆ ದುರುದ್ದೇಶವಾದರೂ ಬೇಕೇಬೇಕೆಂದಿಲ್ಲ. ೨೦೧೮ರ ಫೆಬ್ರವರಿಯಲ್ಲಿ ನಮ್ಮ ನೆರೆಯ ತೆಲುಗು ಲಿಪಿಯ ‘ಜ್ಞಾ’ ಎಂಬ ಸಂಯುಕ್ತಾಕ್ಷರವು, ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆಯ ಚಿಹ್ನೆಯೊಡನೆ ಬಂದಾಗ, ಆ್ಯಪಲ್ ಸಂಸ್ಥೆಯ ಫೋನುಗಳಲ್ಲಿ ಸಂದೇಶ ಓದುವ ತಂತ್ರಾಂಶವು ಸ್ಥಗಿತಗೊಳ್ಳುತ್ತಿದ್ದಿತು. ಆ ತಿಂಗಳಲ್ಲಿಯೇ ದೋಷವನ್ನು ತಿದ್ದಲಾಯಿತು. ಜ್ಞಾನ ಎಂಬ ಶಬ್ದದ ಮೊದಲಕ್ಷರವೇ ಯಂತ್ರಕ್ಕೆ ಅರಗದೆ ಹೋದುದು ವಿನೋದದ ಸಂಗತಿಯಾಗಿ ತೋರಬಹುದು. ಆದರೆ ಕನ್ನಡಿಗರು ಇದರಿಂದ ಒಂದನ್ನು ತಿಳಿಯಬೇಕು. ಒತ್ತಕ್ಷರಗಳೂ ಕಾಣದ ಜೋಡಣೆಯ ಚಿಹ್ನೆಗಳೂ ಇರುವ ಲಿಪಿಗಳನ್ನು ಬರೆಯುವ ಜನರು, ತಂತ್ರಾಂಶವನ್ನು ರಚಿಸಿದವರು ಊಹಿಸದಿದ್ದ ಪಠ್ಯವನ್ನು ನಿತ್ಯವೂ ಅದಕ್ಕೆ ಒಪ್ಪಿಸುತ್ತಿರುತ್ತಾರೆ. ಅನಿರೀಕ್ಷಿತವಾದುದೆಲ್ಲ ದುಷ್ಟವಾದುದಲ್ಲ.

೪

ಈಗ ಯಂತ್ರಕಲಿಕೆಯ ಲೈಬ್ರರಿಗಳ ವಿಚಾರಕ್ಕೆ ಬರುವೆವು. ಮಾಂಟ್ರಿಯಲ್‌ನ ಥಿಯಾನೋ, ಬರ್ಕ್ಲಿಯ ಕಾಫೆ, ಟಾರ್ಚ್ ಮೊದಲಾದುವು ಮುಖ್ಯವಾಗಿ ಸಂಶೋಧಕರ ಬಳಕೆಗಾಗಿ ಹುಟ್ಟಿದುವು. ಗೂಗಲ್ ಸಂಸ್ಥೆಯು ತನ್ನೊಳಗೆ ಬಳಸುತ್ತಿದ್ದ ವ್ಯವಸ್ಥೆಯ ಉತ್ತರಾಧಿಕಾರಿಯಾಗಿ ಟೆನ್ಸರ್‌ಫ್ಲೋ ಎಂಬುದನ್ನು ರಚಿಸಿ, ೨೦೧೫ರ ನವೆಂಬರ್ ೯ರಂದು ಎಲ್ಲರ ಉಪಯೋಗಕ್ಕೂ ಮುಕ್ತಗೊಳಿಸಿತು. ಇದರ ಹೊರಮೈ ಪೈಥಾನ್ ಭಾಷೆಯಲ್ಲಿದ್ದು ಬಳಸುವವರಿಗೆ ಸುಲಭವಾಗಿದೆ. ಭಾರವಾದ ಗಣನೆಯನ್ನು ಮಾಡುವ ಒಳಭಾಗವು ಬಹುಮಟ್ಟಿಗೆ ಸಿ++ ಭಾಷೆಯಲ್ಲಿದೆ. ‘ಟೆನ್ಸರ್’ ಎಂದರೆ ಈ ಸಂದರ್ಭದಲ್ಲಿ ಸಂಖ್ಯೆಗಳ ಬಹುಮುಖ ಕೋಷ್ಟಕ. ಚಿತ್ರವಾಗಲಿ ಧ್ವನಿಯಾಗಲಿ ಬರಹವಾಗಲಿ ಮೊದಲು ಇಂತಹ ಕೋಷ್ಟಕವಾಗಿ ಮಾರ್ಪಟ್ಟು, ಅನಂತರ ಗಣನೆಗೆ ಒಳಗಾಗುತ್ತದೆ.

೨೦೧೭ರಲ್ಲಿ ಕೆಲವು ಸಂಶೋಧಕರು ಕಾಫೆ, ಟಾರ್ಚ್, ಟೆನ್ಸರ್‌ಫ್ಲೋ ಎಂಬ ಮೂರನ್ನು ಪರೀಕ್ಷಿಸಿ, ಅಪಾಯವು ಇವುಗಳಲ್ಲಿ ಮಾತ್ರವಲ್ಲದೆ ಇವು ಆಶ್ರಯಿಸಿರುವ ಇತರ ಲೈಬ್ರರಿಗಳಲ್ಲಿಯೂ ಅಡಗಿದೆಯೆಂದು ತೋರಿಸಿದರು. ಆ ವರ್ಷವೇ ಬೆಳಕಿಗೆ ಬಂದ ಒಂದು ದೋಷವು ನಮ್ಮ ವಿಷಯಕ್ಕೆ ಉತ್ತಮವಾದ ಪ್ರವೇಶಿಕೆ. ನಮ್‌ಪೈ ಎಂಬುದು ಪೈಥಾನಿನಲ್ಲಿ ಸಂಖ್ಯಾಕೋಷ್ಟಕಗಳನ್ನು ನಿರ್ವಹಿಸುವ ಮೂಲಭೂತ ಲೈಬ್ರರಿ. ಕೋಷ್ಟಕದ ಸುತ್ತಲೂ ಅಂಚುಕಟ್ಟುವ ಕ್ರಿಯೆಯೊಂದು ಅದರಲ್ಲಿದೆ. ೧.೧೩.೧ ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಈ ಕ್ರಿಯೆಗೆ ಬರಿದಾದ ಪಟ್ಟಿಯನ್ನು ಒಪ್ಪಿಸಿದರೆ, ಅದು ಎಂದೂ ಮುಗಿಯದ ಆವರ್ತನೆಯಲ್ಲಿ ಸಿಲುಕುತ್ತಿದ್ದಿತು. ಏನೂ ಇಲ್ಲದ ಪಟ್ಟಿಯ ಸುತ್ತ ಅಂಚುಕಟ್ಟಲು ಅದು ಕೊನೆಯಿಲ್ಲದೆ ಪ್ರಯತ್ನಿಸುತ್ತಿದ್ದಿತು. ಒಳಬರುವುದು ಬರಿದಾಗಿರಬಹುದೇ ಎಂದು ಕೇಳುವ ಒಂದು ಸಾಲು ಅಲ್ಲಿ ಇರಲಿಲ್ಲ.

೨೦೨೧ರಲ್ಲಿ ಟೆನ್ಸರ್‌ಫ್ಲೋವಿನ ಒಳಕ್ರಿಯೆಗಳನ್ನು ವ್ಯವಸ್ಥಿತವಾಗಿ ಶೋಧಿಸಿದಾಗ, ಆ ಒಂದೇ ವರ್ಷದಲ್ಲಿ ನೂರಕ್ಕೂ ಮಿಕ್ಕಿ ದೋಷಗಳು ಸಾರ್ವಜನಿಕ ದೋಷಪಟ್ಟಿಯನ್ನು ಸೇರಿದುವು. ಇವುಗಳಲ್ಲಿ ಬಹು ಭಾಗವು ಸೇವಾ ನಿರಾಕರಣೆಗೆ ಸಂಬಂಧಿಸಿದುವು. ಚಿತ್ರಗಳನ್ನು ಓದುವಲ್ಲಿ ಬಳಕೆಯಾಗುವ ‘ಕಾನ್ವಲ್ಯೂಷನ್’ ಎಂಬ ಪ್ರಸಿದ್ಧ ಕ್ರಿಯೆಯೇ ಒಂದು ಉದಾಹರಣೆ. ಅದು ನಡೆಸುವ ಒಂದು ಭಾಗಾಕಾರದಲ್ಲಿ ಭಾಜಕವು ಬಳಸುವವನು ಕೊಟ್ಟ ಕೋಷ್ಟಕದ ಅಳತೆಯಿಂದಲೇ ದೊರೆಯುತ್ತಿದ್ದಿತು. ಆ ಅಳತೆಯನ್ನು ಸೊನ್ನೆಯಾಗಿ ಕೊಟ್ಟರೆ ಸೊನ್ನೆಯಿಂದ ಭಾಗಿಸಿದಂತಾಗಿ, ಕ್ರಮವಿಧಿಯು ಅಲ್ಲಿಗೆ ನಿಂತುಹೋಗುತ್ತಿದ್ದಿತು.

ಸೊನ್ನೆಯಿಂದ ಭಾಗಿಸುವ ಪ್ರಶ್ನೆಯು ನಮ್ಮ ನಾಡಿನ ಗಣಿತಕ್ಕೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುವುದೆಂದು ಹೇಳಿದನು. ೧೧೧೪ರಲ್ಲಿ ಜನಿಸಿದ ಭಾಸ್ಕರಾಚಾರ್ಯನು ಅಂತಹ ರಾಶಿಗೆ ‘ಖಹರ’ವೆಂಬ ಹೆಸರನ್ನಿತ್ತು, ಅದನ್ನು ಅನಂತವೆಂದು ಭಾವಿಸಿದನು. ಆತನ ಊರಾದ ವಿಜ್ಜಡವಿಡವು ವಿಜಾಪುರವೇ ಎಂದು ಕೆಲವು ವಿದ್ವಾಂಸರೂ, ಅಲ್ಲವೆಂದು ಮತ್ತೆ ಕೆಲವರೂ ವಾದಿಸಿದ್ದಾರೆ. ಇಬ್ಬರ ಉತ್ತರಗಳನ್ನೂ ಇಂದಿನ ಗಣಿತವು ಹಾಗೆಯೇ ಸ್ವೀಕರಿಸುವುದಿಲ್ಲ. ಆದರೂ ಅವರಿಬ್ಬರೂ ಪ್ರಶ್ನೆಯು ಏಳುವುದೆಂದು ಮುಂದಾಗಿ ಕಂಡು, ಅದಕ್ಕೆ ಒಂದು ವಿಧಿಯನ್ನು ಹೇಳಿದರೆಂಬುದು ಗಮನಾರ್ಹ. ಪೂರ್ಣಾಂಕಗಳ ಭಾಗಾಕಾರದಲ್ಲಿ ಅನೇಕ ಗಣಕಗಳಲ್ಲಿ ಯಾವ ಉತ್ತರವೂ ದೊರೆಯದೆ ಕ್ರಮವಿಧಿಯೇ ಕೊನೆಗಾಣುವುದರಿಂದ, ವಿಧಿಯನ್ನು ಹೇಳುವ ಹೊಣೆಯು ಕ್ರಮವಿಧಿಯನ್ನು ಬರೆಯುವವನ ಮೇಲೆಯೇ ಬೀಳುತ್ತದೆ.

೨೦೨೨ರಲ್ಲಿ ಪ್ರಕಟವಾದ ಇನ್ನೊಂದು ದೋಷವು ಸೊನ್ನೆಗೆ ಎದುರು ತುದಿಯದು. ಕೋಷ್ಟಕದ ಆಕಾರವನ್ನು ಬದಲಾಯಿಸುವ, ಎಂದರೆ ಹನ್ನೆರಡು ಸಂಖ್ಯೆಗಳ ಒಂದು ಸಾಲನ್ನು ಮೂರು ಸಾಲು ನಾಲ್ಕು ಕಂಬಗಳಾಗಿ ಜೋಡಿಸುವಂತಹ ಸರಳ ಕ್ರಿಯೆಯಲ್ಲಿ ಅದು ಕಂಡುಬಂದಿತು. ಕೋಷ್ಟಕದಲ್ಲಿ ಒಟ್ಟು ಎಷ್ಟು ಮನೆಗಳಿರುವುವೆಂದು ತಿಳಿಯಲು ಅದರ ಎಲ್ಲ ಅಳತೆಗಳನ್ನೂ ಗುಣಿಸಬೇಕು. ಈ ಗುಣಲಬ್ಧವನ್ನು ಇಡುವ ೬೪ ದ್ವಿಮಾನ ಸ್ಥಾನಗಳ ಪಾತ್ರೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯು ೯,೨೨೩,೩೭೨,೦೩೬,೮೫೪,೭೭೫,೮೦೭. ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಕಾಳುಗಳನ್ನು ಇಮ್ಮಡಿಸುತ್ತ ಹೋಗುವ ಕಥೆಯನ್ನು ನಮ್ಮ ಓದುಗರು ಬಲ್ಲರು. ಅದರ ಅರವತ್ತನಾಲ್ಕನೆಯ ಮನೆಯೊಂದರಲ್ಲಿಯೇ ಬೀಳುವ ಕಾಳುಗಳಿಗೆ ಈ ಸಂಖ್ಯೆಯು ಸರಿಯಾಗಿ ಒಂದು ಕಡಮೆ. ಗುಣಲಬ್ಧವು ಇದನ್ನು ಮೀರಿದರೆ ಪಾತ್ರೆಯು ತುಂಬಿ ತುಳುಕಿ, ಎಣಿಕೆಯು ಋಣಸಂಖ್ಯೆಯಾಗಿ ತೋರಬಹುದು. ಬಳಸುವವನು ಅಂತಹ ಅಳತೆಗಳನ್ನು ಕೊಟ್ಟಾಗ, ಒಳಗಿದ್ದ ಕಾವಲಿನ ಸಾಲು ಈ ಅಸಂಬದ್ಧತೆಯನ್ನು ಕಂಡುಹಿಡಿಯುತ್ತಿದ್ದಿತು. ಕಂಡೊಡನೆ ಇಡೀ ಕ್ರಮವಿಧಿಯನ್ನೇ ನಿಲ್ಲಿಸಿಬಿಡುತ್ತಿದ್ದಿತು. ಇಲ್ಲಿ ಕಾವಲಿಲ್ಲದುದು ದೋಷವಲ್ಲ. ಕಾವಲಿದ್ದ ರೀತಿಯೇ ದೋಷವಾಯಿತು.

ಈ ದೋಷಗಳ ಗುರುತ್ವವನ್ನು ತೂಗುವಲ್ಲಿ ಏಕಾಭಿಪ್ರಾಯವಿರಲಿಲ್ಲ. ೨೦೨೧ರ ದೋಷಗಳಲ್ಲಿ ಅನೇಕವನ್ನು ಲೈಬ್ರರಿಯ ನಿರ್ವಾಹಕರು ಹಗುರವೆಂದೆಣಿಸಿದರೆ, ಅಮೆರಿಕದ ರಾಷ್ಟ್ರೀಯ ದೋಷಸಂಗ್ರಹವು ಅವಕ್ಕೆ ಹೆಚ್ಚಿನ ತೂಕವನ್ನು ಕೊಟ್ಟಿತು. ಲೈಬ್ರರಿಯು ಎಲ್ಲಿ ನೆಲೆಸಿದೆ, ಅದಕ್ಕೆ ಒಳಹರಿವನ್ನು ಒಪ್ಪಿಸುವವರು ಯಾರು ಎಂಬುದನ್ನು ಅವಲಂಬಿಸಿ ಒಂದೇ ದೋಷವು ಹಗುರವೂ ಭಾರವೂ ಆಗಬಲ್ಲುದು. ಈ ಮಾತಿನಲ್ಲಿಯೇ ಇದರ ಚಾರಿತ್ರಿಕ ಕಾರಣವೂ ಅಡಗಿದೆ.

೫

ಇಷ್ಟು ನಿಪುಣರಾದವರು ರಚಿಸಿದ ತಂತ್ರಾಂಶದಲ್ಲಿ ಇಷ್ಟು ಸರಳವಾದ ಲೋಪಗಳು ಉಳಿದುದೇಕೆ? ಅಜಾಗ್ರತೆಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ನ್ಯಾಯವಲ್ಲವೆಂದು ನಾವು ತಿಳಿಯುತ್ತೇವೆ. ಈ ಲೈಬ್ರರಿಗಳು ಹುಟ್ಟಿದಾಗ ಅವುಗಳನ್ನು ನಡೆಸುವವನೂ ಅವುಗಳಿಗೆ ಸಂಖ್ಯೆಗಳನ್ನು ಒಪ್ಪಿಸುವವನೂ ಒಬ್ಬನೇ ಆಗಿದ್ದನು. ಪ್ರಯೋಗಶಾಲೆಯಲ್ಲಿ ಕುಳಿತ ಸಂಶೋಧಕನು ತಪ್ಪು ಅಳತೆಯನ್ನು ಕೊಟ್ಟರೆ, ಯಂತ್ರವು ಒಡನೆಯೇ ನಿಂತುಹೋಗುವುದು ಅವನಿಗೆ ಉಪಕಾರವೇ. ತಪ್ಪು ಉತ್ತರದೊಡನೆ ಮುಂದುವರಿದು ದಿನಗಟ್ಟಲೆ ಗಣನೆಯನ್ನು ವ್ಯರ್ಥಮಾಡುವುದಕ್ಕಿಂತ ಆರಂಭದಲ್ಲಿಯೇ ನಿಲ್ಲುವುದು ಲೇಸು. ‘ಈ ಷರತ್ತು ಸತ್ಯವಾಗಿರಲೇಬೇಕು, ಇಲ್ಲದಿದ್ದರೆ ನಿಲ್ಲು’ ಎಂಬ ಕಾವಲಿನ ಸಾಲುಗಳು ಇಂತಹ ವಾತಾವರಣದಲ್ಲಿ ಬರೆಯಲ್ಪಟ್ಟುವು.

ಅನಂತರ ಲೈಬ್ರರಿಯ ನೆಲೆಯೇ ಬದಲಾಯಿತು. ತರಬೇತಿ ಹೊಂದಿದ ಮಾದರಿಗಳನ್ನು ಸಾರ್ವಜನಿಕ ಸೇವೆಯಾಗಿ ಒದಗಿಸುವ ಏರ್ಪಾಡುಗಳು ೨೦೧೬ರಿಂದೀಚೆಗೆ ಬಂದುವು. ಈಗ ಚಿತ್ರವನ್ನು ಕಳುಹಿಸುವವನು ಯಾರೋ, ಯಂತ್ರವನ್ನು ನಡೆಸುವವನು ಯಾರೋ. ಒಂದೇ ಕ್ರಮವಿಧಿಯು ಏಕಕಾಲದಲ್ಲಿ ನೂರಾರು ಜನರಿಗೆ ಉತ್ತರ ಕೊಡುತ್ತಿರುತ್ತದೆ. ಸಂಶೋಧಕನಿಗೆ ಉಪಕಾರವಾಗಿದ್ದ ಅದೇ ಸಾಲು ಈಗ ಅಪರಿಚಿತನ ಕೈಯಲ್ಲಿಯ ಬೀಗದಕೈಯಾಯಿತು. ಅಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾದುದು ಸನ್ನಿವೇಶ. ಹಳೆಯ ಬಂಡಿಯ ಹಾದಿಯು ಹೆದ್ದಾರಿಯಾದಾಗ, ಬಂಡಿಗೆ ಸಾಲುತ್ತಿದ್ದ ಸೇತುವೆಯು ಲಾರಿಗೆ ಸಾಲದು. ಸೊಲ್ಲಾಪುರ ರಸ್ತೆಯೂ ಒಂದು ಕಾಲಕ್ಕೆ ೧೩ನೆಯ ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿದ್ದು ಈಗ ೫೨ನೆಯದರ ಭಾಗವಾಗಿದೆ. ರಸ್ತೆಗೆ ಹೊಸ ಸಂಖ್ಯೆಯನ್ನು ಕೊಡುವುದು ಒಂದು ದಿನದ ಕೆಲಸ. ಅದರ ಮೇಲೆ ಬರುವ ಹೊರೆಗೆ ತಕ್ಕಂತೆ ಪ್ರತಿಯೊಂದು ಮೋರಿಯನ್ನೂ ಪರೀಕ್ಷಿಸುವುದು ವರ್ಷಗಳ ಕೆಲಸ. ಟೆನ್ಸರ್‌ಫ್ಲೋವಿನಲ್ಲಿ ೨೦೨೧ ಮತ್ತು ೨೦೨೨ರಲ್ಲಿ ನಡೆದುದು ಅಂತಹ ಮೋರಿಗಳ ಪರೀಕ್ಷೆ.

ಇಲ್ಲಿ ‘ಸೇವಾ ನಿರಾಕರಣೆ’ ಎಂಬ ಹೆಸರನ್ನು ಕುರಿತು ಒಂದು ಮಾತು ಹೇಳಬೇಕು. ಈ ಹೆಸರನ್ನು ಕೇಳಿದವರಿಗೆ, ಯಂತ್ರವು ಹೆಚ್ಚಾಗಿ ನಿರಾಕರಿಸುವುದೇ ದೋಷವೆಂದು ತೋರಬಹುದು. ವಸ್ತುಸ್ಥಿತಿಯು ಇದಕ್ಕೆ ವಿರುದ್ಧವಾಗಿದೆ. ಒಬ್ಬನ ಒಂದು ಅಸಂಬದ್ಧವಾದ ಕೋರಿಕೆಯನ್ನು ‘ಇದು ಸಲ್ಲದು’ ಎಂದು ನಿರಾಕರಿಸಲು ಯಂತ್ರವು ಅಸಮರ್ಥವಾದ್ದರಿಂದಲೇ ಉಳಿದೆಲ್ಲರ ಸರಿಯಾದ ಕೋರಿಕೆಗಳೂ ನಿರಾಕೃತವಾಗುತ್ತವೆ. ತಕ್ಕಲ್ಲಿ ನಿರಾಕರಿಸುವ ಶಕ್ತಿಯಿಲ್ಲದುದೇ ಸೇವಾ ನಿರಾಕರಣೆಯ ಮೂಲ. ಮೇಲೆ ಹೇಳಿದ ದೋಷಗಳನ್ನು ತಿದ್ದಿದ ಕ್ರಮವೂ ಇದನ್ನೇ ಸಮರ್ಥಿಸುತ್ತದೆ. ಹಲವು ಕಡೆಗಳಲ್ಲಿ, ಇಡೀ ಕ್ರಮವಿಧಿಯನ್ನು ನಿಲ್ಲಿಸುವ ಕಾವಲನ್ನು ತೆಗೆದು, ಆ ಒಂದು ಕೋರಿಕೆಗೆ ಮಾತ್ರ ‘ಕೊಟ್ಟ ಮೌಲ್ಯವು ಸಲ್ಲದು’ ಎಂಬ ಉತ್ತರವನ್ನು ಹಿಂದಿರುಗಿಸುವ ಕಾವಲನ್ನು ಅದರ ಸ್ಥಾನದಲ್ಲಿ ಇಡಲಾಯಿತು.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ನಿಂತ ಕ್ರಮವಿಧಿಯನ್ನು ಮರಳಿ ಚಾಲನೆಗೊಳಿಸುವ ಮೇಲ್ವಿಚಾರಕ ವ್ಯವಸ್ಥೆಗಳಿರುವಾಗ ಇದನ್ನು ಭದ್ರತಾದೋಷವೆಂದು ಕರೆಯುವುದೇಕೆ ಎಂಬುದು ಮೊದಲನೆಯದು. ಮರಳಿ ಎದ್ದ ಯಂತ್ರಕ್ಕೆ ಅದೇ ಕೋರಿಕೆಯನ್ನು ಮತ್ತೆ ಕಳುಹಿಸಲು ಯಾವ ಅಡ್ಡಿಯೂ ಇಲ್ಲವೆಂಬುದೂ, ದೊಡ್ಡ ಮಾದರಿಯನ್ನು ಸ್ಮೃತಿಗೆ ತುಂಬಿಕೊಳ್ಳಲು ಹಿಡಿಯುವ ಕಾಲವು ಅದನ್ನು ಕೆಡಹಲು ಬೇಕಾದ ಕಾಲಕ್ಕಿಂತ ಎಷ್ಟೋ ಹೆಚ್ಚೆಂಬುದೂ ಇದಕ್ಕೆ ಸಮಾಧಾನ. ಹಾಗಾದರೆ ನಿಲ್ಲಿಸುವ ಕಾವಲುಗಳನ್ನೆಲ್ಲ ತೆಗೆದುಬಿಡಬಹುದಲ್ಲವೇ ಎಂಬುದು ಎರಡನೆಯ ಆಕ್ಷೇಪ. ಅದು ಇನ್ನೂ ಅಪಾಯಕರ. ಕಾವಲಿಲ್ಲದೆ ಮುಂದುವರಿದ ತಪ್ಪು ಎಣಿಕೆಯು ಇತರರ ಸ್ಮೃತಿಭಾಗವನ್ನು ಓದಬಹುದು, ಕೆಡಿಸಲೂಬಹುದು. ಆಗ ಮೂರನೆಯ ಹಾನಿಯ ಬದಲು ಮೊದಲಿನ ಎರಡು ಹಾನಿಗಳು ಒದಗುವುವು. ಆದಕಾರಣ ನಿಲ್ಲುವುದು ಬೇಡವೆಂದು ನಾವು ಹೇಳುತ್ತಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು ಎಂಬುದನ್ನು ಬೇರ್ಪಡಿಸಿ ವಿಚಾರಮಾಡಬೇಕೆಂದು ಹೇಳುತ್ತಿದ್ದೇವೆ.

೬

ಎಲ್ಲಿ, ಎಷ್ಟು ಎಂಬ ಈ ಪ್ರಶ್ನೆಗೆ ಹಳೆಯ ವಿಜಾಪುರದ ನೀರಿನ ವ್ಯವಸ್ಥೆಯು ಒಳ್ಳೆಯ ಉತ್ತರವನ್ನು ಕೊಡುತ್ತದೆ. ನಗರಕ್ಕೆ ಪಶ್ಚಿಮದಲ್ಲಿರುವ ತೊರವಿಯ ಕಡೆಯಿಂದಲೂ, ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ೧೬೫೧ರಲ್ಲಿ ದಕ್ಷಿಣಕ್ಕೆ ನಿರ್ಮಿತವಾದ ಬೇಗಂ ತಲಾಬಿನಿಂದಲೂ ನೆಲದೊಳಗಿನ ಕಾಲುವೆ ಕೊಳವೆಗಳ ಮೂಲಕ ನೀರು ಊರಿಗೆ ಬರುತ್ತಿದ್ದಿತು. ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ಮಾಡಿದ ಈ ಮಾರ್ಗದಲ್ಲಿ ಅಲ್ಲಲ್ಲಿ ‘ಗುಂಜ್’ ಎಂದು ಕರೆಯಲ್ಪಡುವ ಚೌಕಾಕಾರದ ಜಲಗೋಪುರಗಳು ನಿಂತಿವೆ. ಇವು ಅಲಂಕಾರಕ್ಕಾಗಿ ಕಟ್ಟಿದುವಲ್ಲ. ಬರುವ ನೀರು ಗೋಪುರದೊಳಗೆ ಮೇಲೇರಿ ತನ್ನ ಒತ್ತಡವನ್ನು ಕಳೆದುಕೊಳ್ಳುತ್ತಿದ್ದಿತು. ಅದರೊಡನೆ ಬಂದ ಹೂಳು ಅಲ್ಲಿಯೇ ತಳಕ್ಕೆ ಇಳಿಯುತ್ತಿದ್ದಿತು. ಆಮೇಲೆ ನೀರು ಮುಂದಿನ ಕೊಳವೆಗೆ ಹೋಗುತ್ತಿದ್ದಿತು. ಒತ್ತಡವು ಹೆಚ್ಚಾದರೆ ಕೊಳವೆಯು ಒಡೆದು ಇಡೀ ಪೇಟೆಗೆ ನೀರು ನಿಲ್ಲುವ ಅಪಾಯವನ್ನು ಆ ಶಿಲ್ಪಿಗಳು ಮೊದಲೇ ಕಂಡಿದ್ದರು. 

ತಂತ್ರಾಂಶದಲ್ಲಿ ಈ ಗೋಪುರಕ್ಕೆ ಸಮನಾದುದು ಒಳಹರಿವಿನ ಪರೀಕ್ಷೆ. ಹೊರಗಿನಿಂದ ಬಂದುದನ್ನು ನೇರವಾಗಿ ಗಣನೆಯ ಕೊಳವೆಗೆ ಬಿಡದೆ, ಮೊದಲು ಒಂದು ಕಡೆ ನಿಲ್ಲಿಸಿ, ಬರಿದಾಗಿದೆಯೇ, ಸೊನ್ನೆಯ ಅಳತೆಯಿದೆಯೇ, ಮಿತಿಯನ್ನು ಮೀರಿದೆಯೇ ಎಂದು ನೋಡಬೇಕು; ಸಲ್ಲದುದನ್ನು ಅಲ್ಲಿಯೇ ತಳಕ್ಕಿಳಿಸಬೇಕು. ಪ್ರತಿಯೊಂದು ಮಾದರಿಯನ್ನೂ ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ನಡೆಸುವುದು, ಪ್ರತಿಯೊಂದು ಕೋರಿಕೆಗೂ ಕಾಲದ ಮತ್ತು ಸ್ಮೃತಿಯ ಮಿತಿಯನ್ನು ವಿಧಿಸುವುದು ಇವು ಎರಡನೆಯ, ಮೂರನೆಯ ಗೋಪುರಗಳು. ಟೆನ್ಸರ್‌ಫ್ಲೋವಿನ ನಿರ್ವಾಹಕರು, ಮಾದರಿಗಳೂ ಒಂದು ಬಗೆಯ ಕ್ರಮವಿಧಿಗಳೇ ಆದ್ದರಿಂದ ಅಪರಿಚಿತವಾದುವನ್ನು ಪ್ರತ್ಯೇಕವಾದ ಆವರಣದಲ್ಲಿ ನಡೆಸಬೇಕೆಂದು ತಮ್ಮ ಭದ್ರತಾ ಸೂಚನೆಗಳಲ್ಲಿ ಹೇಳಿದ್ದಾರೆ.

ಗೋಪುರಗಳನ್ನು ಕಟ್ಟಿದರಷ್ಟೇ ಸಾಲದು, ಹೂಳನ್ನು ಆಗಾಗ ತೆಗೆಯುತ್ತಿರಬೇಕು. ೨೦೨೧ರಲ್ಲಿ ಕಂಡುಬಂದ ಕಾನ್ವಲ್ಯೂಷನ್ ದೋಷದ ತಿದ್ದುಪಡಿಯನ್ನು ೨.೫ನೆಯ ಆವೃತ್ತಿಯಲ್ಲಿ ಮಾತ್ರವಲ್ಲದೆ ೨.೪.೨, ೨.೩.೩, ೨.೨.೩, ೨.೧.೪ ಎಂಬ ಹಿಂದಿನ ಸಾಲಿನ ಆವೃತ್ತಿಗಳಲ್ಲಿಯೂ ಸೇರಿಸಿದರು. ಆದರೆ ಒಮ್ಮೆ ಸ್ಥಾಪಿಸಿದ ಲೈಬ್ರರಿಯನ್ನು ಹೊಸ ಆವೃತ್ತಿಗೆ ಏರಿಸದೆ ಬಿಟ್ಟಲ್ಲಿ, ಲೋಕಕ್ಕೆಲ್ಲ ತಿಳಿದ ದೋಷವು ಅಲ್ಲಿ ಹಾಗೆಯೇ ಉಳಿಯುತ್ತದೆ. ದೋಷದ ವಿವರವು ಪ್ರಕಟವಾದ ಮೇಲೆ, ತಿದ್ದಿಕೊಂಡವನಿಗೆ ಅದು ಇತಿಹಾಸ. ತಿದ್ದಿಕೊಳ್ಳದವನಿಗೆ ಅದು ಶತ್ರುವಿನ ಕೈಗೆ ಸಿಕ್ಕ ಕೋಟೆಯ ನಕ್ಷೆ.

ನಮ್ಮ ದೇಶದ ಶಾಸನವೂ ಈ ಹಾನಿಯನ್ನು ಗುರುತಿಸಿದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೪೩ನೆಯ ಪ್ರಕರಣವು, ಅಧಿಕಾರವುಳ್ಳ ವ್ಯಕ್ತಿಗೆ ಗಣಕದ ಪ್ರವೇಶವನ್ನು ನಿರಾಕರಿಸುವುದನ್ನು ಅಥವಾ ನಿರಾಕರಿಸುವಂತೆ ಮಾಡುವುದನ್ನು ಕಳವು ಮತ್ತು ಕೆಡುಕುಗಳ ಪಕ್ಕದಲ್ಲಿಯೇ ಪ್ರತ್ಯೇಕವಾಗಿ ಹೆಸರಿಸಿದೆ. ೨೦೦೪ರಿಂದ ಕಾರ್ಯನಡೆಸುತ್ತಿರುವ ರಾಷ್ಟ್ರೀಯ ಗಣಕತುರ್ತು ತಂಡವು ೨೦೨೨ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ, ಇಂತಹ ಘಟನೆಗಳನ್ನು ತಿಳಿದ ಆರು ಗಂಟೆಗಳೊಳಗೆ ವರದಿಮಾಡಬೇಕಾಗಿದೆ. ಆದರೆ ಶಾಸನವು ಹಾನಿ ಮಾಡಿದವನನ್ನು ಹಿಡಿಯಬಲ್ಲುದೇ ಹೊರತು ಸೊನ್ನೆಯಿಂದ ಭಾಗಿಸುವ ಸಾಲನ್ನು ತಿದ್ದಲಾರದು.

ಆ ಸಾಲನ್ನು ತಿದ್ದುವ ಕೆಲಸವು ಬಹುಮಟ್ಟಿಗೆ ಕಾಲೇಜುಗಳಲ್ಲಿ ಆರಂಭವಾಗಬೇಕು. ಯಂತ್ರಕಲಿಕೆಯನ್ನು ಬೋಧಿಸುವಾಗ ಮಾದರಿಯು ಎಷ್ಟು ಸರಿಯಾಗಿ ಉತ್ತರಿಸುವುದೆಂಬುದಕ್ಕೆ ನಾವು ಅಂಕಗಳನ್ನು ಕೊಡುತ್ತೇವೆ. ಬರಿದಾದ ಪಟ್ಟಿ, ಸೊನ್ನೆಯ ಅಳತೆ, ಮಿತಿಮೀರಿದ ಗಾತ್ರ, ಒತ್ತಕ್ಷರಗಳ ನಡುವೆ ಕಾಣದ ಚಿಹ್ನೆಯಿರುವ ಕನ್ನಡ ವಾಕ್ಯ ಇವು ನಾಲ್ಕನ್ನು ಒಪ್ಪಿಸಿದಾಗ ಅದು ಏನು ಮಾಡುವುದೆಂದು ಕೇಳುವುದು ಅಪೂರ್ವ. ಈ ನಾಲ್ಕು ಪರೀಕ್ಷೆಗಳಿಗೆ ದುಬಾರಿ ಯಂತ್ರಗಳು ಬೇಕಾಗಿಲ್ಲ. ಯಾವ ಊರಿನ ಕಾಲೇಜಿನಲ್ಲಿಯಾದರೂ ಅವುಗಳನ್ನು ನಡೆಸಬಹುದು. ಟೆನ್ಸರ್‌ಫ್ಲೋ, ನಮ್‌ಪೈ ಮೊದಲಾದುವು ಮುಕ್ತವಾಗಿರುವುದರಿಂದ, ಅಲ್ಲಿ ಕಂಡುಬಂದ ದೋಷವನ್ನು ಮೊದಲು ನಿರ್ವಾಹಕರಿಗೆ ಗುಟ್ಟಾಗಿ ತಿಳಿಸಿ, ತಿದ್ದುಪಡಿಯನ್ನು ಕೂಡ ವಿದ್ಯಾರ್ಥಿಯೇ ಬರೆದು ಒಪ್ಪಿಸಬಹುದಾಗಿದೆ.

ಇದರ ಅಗತ್ಯವನ್ನು ಅತಿಶಯವಾಗಿ ಹೇಳಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ಚಿತ್ರಗಳನ್ನು ಓದಲು ನೆರವಾಗುವ ಯಂತ್ರವೂ, ರೈತನ ಕನ್ನಡದ ಮಾತನ್ನು ಕೇಳಿ ಉತ್ತರಿಸುವ ದೂರವಾಣಿ ಸೇವೆಯೂ ಇದೇ ಲೈಬ್ರರಿಗಳ ಮೇಲೆ ನಿಲ್ಲಬಹುದಾದುವು. ಅಲ್ಲಿ ಸರದಿಯಲ್ಲಿ ಕಾಯುವ ನೂರು ಜನರಲ್ಲಿ ಒಬ್ಬನ ಚಿತ್ರವು ಕೆಟ್ಟಿದ್ದರೆ, ಅವನೊಬ್ಬನಿಗೆ ‘ಇದನ್ನು ಓದಲಾಗದು, ಮತ್ತೆ ತೆಗೆಯಿಸಿ ತನ್ನಿ’ ಎಂಬ ಉತ್ತರ ದೊರೆತು, ಉಳಿದ ತೊಂಬತ್ತೊಂಬತ್ತು ಜನರ ಕೆಲಸವು ನಡೆಯುವಂತಿರಬೇಕು. ಅಂತಹ ವ್ಯವಸ್ಥೆಯನ್ನು ಕಟ್ಟುವ ವಿದ್ಯೆಯು ಈಗಾಗಲೇ ತಿಳಿದಿದೆ. ಪ್ರತಿಯೊಂದು ಕ್ರಿಯೆಯ ಬಾಗಿಲಲ್ಲಿಯೂ ಅದನ್ನು ಬೇಸರವಿಲ್ಲದೆ ಅನ್ವಯಿಸುವುದೇ ಇನ್ನು ಉಳಿದಿರುವ ಕೆಲಸ.